ಫ್ಲೈಟ್ 401: ಟಿವಿ ತೋರಿಸುವ ದೆವ್ವ, ತೋರಿಸದ ನಾಲ್ಕು ನಿಮಿಷ

ಪ್ರಶ್ನೆ: ಸರ್, ಮೊನ್ನೆ ಟಿವಿಯಲ್ಲಿ ಒಂದು ಕಾರ್ಯಕ್ರಮ ಬಂತು. 1972ರಲ್ಲಿ ಅಮೆರಿಕದಲ್ಲಿ ಜೌಗು ನೆಲಕ್ಕೆ ಬಿದ್ದ ಈಸ್ಟರ್ನ್ ಏರ್‌ಲೈನ್ಸ್ ವಿಮಾನದ ಕಥೆ. ಸತ್ತ ಪೈಲಟ್‌ಗಳು ಆಮೇಲೆ ಅದೇ ಕಂಪನಿಯ ಬೇರೆ ವಿಮಾನಗಳಲ್ಲಿ ಕಾಣಿಸಿಕೊಂಡರಂತೆ. ಬಿದ್ದ ವಿಮಾನದ ಬಿಡಿಭಾಗಗಳನ್ನು ಆ ವಿಮಾನಗಳಿಗೆ ಹಾಕಿದ್ದೇ ಕಾರಣವಂತೆ. ನನ್ನ ಅಮ್ಮ ಇದನ್ನು ನೋಡಿ ತುಂಬಾ ಹೆದರಿಕೊಂಡಿದ್ದಾರೆ. ಮುಂದಿನ ತಿಂಗಳು ಅಮೆರಿಕದಲ್ಲಿರುವ ಅಕ್ಕನ ಮನೆಗೆ ಹೋಗಬೇಕು, ವಿಮಾನ ಹತ್ತುವುದು ಇದೇ ಮೊದಲು. ಆ ಕಾರ್ಯಕ್ರಮದಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ಉತ್ತರ: ಮೊದಲು ಅಮ್ಮನಿಗೆ ಇಷ್ಟು ಹೇಳಿಬಿಡಿ. ಅಪಘಾತ ನಡೆದದ್ದು ನಿಜ. ದೆವ್ವದ್ದು ಕಥೆ. ಟಿವಿಯವರು ಎರಡನ್ನೂ ಒಟ್ಟಿಗೆ ಕಲಸಿ ಬಡಿಸಿದ್ದಾರೆ, ಹಾಗಾಗಿ ಯಾವುದು ಯಾವುದು ಅಂತ ಮನೆಯಲ್ಲಿ ಕೂತು ನೋಡುವವರಿಗೆ ಗೊತ್ತಾಗುವುದಿಲ್ಲ. ನಾನು ಮೂವತ್ತು ವರ್ಷಕ್ಕೂ ಜಾಸ್ತಿ ವಿಮಾನಗಳ ಮೇಂಟೆನೆನ್ಸ್ ಕೆಲಸ ಮಾಡಿದವನು. ಆ ವಿಮಾನ, ಅಂದರೆ ಫ್ಲೈಟ್ 401, ನಮ್ಮ ಕ್ಲಾಸ್‌ಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು. ಅದನ್ನು ಓದಿದ ಯಾರಿಗೂ ಆ ರಾತ್ರಿ ಮರೆಯುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅದು 1972ರ ಡಿಸೆಂಬರ್ 29. ಕ್ರಿಸ್‌ಮಸ್ ಮುಗಿದು ಹೊಸ ವರ್ಷಕ್ಕೆ ಎರಡು ದಿನ ಬಾಕಿ. ನ್ಯೂಯಾರ್ಕಿನಿಂದ ಮಯಾಮಿಗೆ ಹೊರಟ ವಿಮಾನ. ಒಳಗೆ 163 ಪ್ರಯಾಣಿಕರು, 13 ಸಿಬ್ಬಂದಿ. ವಿಮಾನ ಲಾಕ್‌ಹೀಡ್ ಕಂಪನಿಯ ಎಲ್-1011 ಟ್ರೈಸ್ಟಾರ್, ಆ ಕಾಲಕ್ಕೆ ತೀರಾ ಹೊಸ ನಮೂನೆಯದು. ಈ ವಿಮಾನವಂತೂ ಕಂಪನಿಯ ಕೈಗೆ ಬಂದು ನಾಲ್ಕು ತಿಂಗಳಷ್ಟೇ ಆಗಿತ್ತು. ಕ್ಯಾಪ್ಟನ್ ರಾಬರ್ಟ್ ಲಾಫ್ಟ್‌ಗೆ 29,000 ಗಂಟೆಗೂ ಹೆಚ್ಚು ಹಾರಾಟದ ಅನುಭವ. ಪಕ್ಕದಲ್ಲಿ ಫಸ್ಟ್ ಆಫೀಸರ್ ಆಲ್ಬರ್ಟ್ ಸ್ಟಾಕ್‌ಸ್ಟಿಲ್, ಹಿಂದೆ ಫ್ಲೈಟ್ ಎಂಜಿನಿಯರ್ ಡೊನಾಲ್ಡ್ ರೆಪೊ. ಇವರ ಜೊತೆ ಕಂಪನಿಯ ಒಬ್ಬ ಮೇಂಟೆನೆನ್ಸ್ ತಜ್ಞರೂ ಕಾಕ್‌ಪಿಟ್‌ನಲ್ಲಿದ್ದರು.

ರಾತ್ರಿ ಹನ್ನೊಂದೂವರೆ ದಾಟಿತ್ತು. ಆಕಾಶ ಶುಭ್ರವಾಗಿತ್ತು. ಮಯಾಮಿಯ ದೀಪಗಳು ಕಾಣುತ್ತಿದ್ದವು. ಇಳಿಯಲು ಚಕ್ರಗಳನ್ನು ಬಿಟ್ಟರು. ಚಕ್ರ ಸರಿಯಾಗಿ ಇಳಿದು ಲಾಕ್ ಆದರೆ ಕಾಕ್‌ಪಿಟ್‌ನಲ್ಲಿ ಹಸಿರು ದೀಪ ಹತ್ತಬೇಕು, ಒಂದೊಂದು ಗೇರ್‌ಗೆ ಒಂದೊಂದು. ಎರಡು ಹತ್ತಿದವು. ಮೂಗಿನ ಕೆಳಗಿನ ಚಕ್ರದ್ದು, ಅಂದರೆ ನೋಸ್ ಗೇರ್‌ನದ್ದು, ಹತ್ತಲಿಲ್ಲ. ಮತ್ತೊಮ್ಮೆ ಚಕ್ರ ಎಳೆದುಕೊಂಡು ಇಳಿಸಿ ನೋಡಿದರು. ಇಲ್ಲ. ಸರಿ ಅಂತ ಇಳಿಯುವುದನ್ನು ಬಿಟ್ಟು ಮೇಲೆ ಹೋದರು. 2,000 ಅಡಿಗೆ ಏರಿ ಪಶ್ಚಿಮಕ್ಕೆ ತಿರುಗಿ ಆಟೋಪೈಲಟ್ ಹಾಕಿದರು. ಕೆಳಗೆ ಎವರ್‌ಗ್ಲೇಡ್ಸ್. ಮೈಲಿಗಟ್ಟಲೆ ಹುಲ್ಲು ಬೆಳೆದ ಜೌಗು, ಒಂದು ದೀಪವಿಲ್ಲ, ಮೇಲೆ ಚಂದ್ರನೂ ಇಲ್ಲ. ಕಿಟಕಿಯಲ್ಲಿ ಬರೀ ಕತ್ತಲೆ.

ಇಲ್ಲಿಂದ ಮುಂದೆ ನಡೆದದ್ದನ್ನು ಟಿವಿ ಸರಿಯಾಗಿ ತೋರಿಸುವುದು ತೀರಾ ಕಡಿಮೆ. ಯಾಕೆಂದರೆ ಅಲ್ಲಿ ಏನೂ ಆಗಲಿಲ್ಲ. ನಾಲ್ಕು ನಿಮಿಷ ಏನೂ ಆಗಲಿಲ್ಲ!

ಸ್ಟಾಕ್‌ಸ್ಟಿಲ್ ಆ ದೀಪದ ಮುಚ್ಚಳವನ್ನು ಬಿಚ್ಚಿ ನೋಡಿದರು. ವಾಪಸ್ ಹಾಕುವಾಗ ಅದು ಓರೆಯಾಗಿ ಸಿಕ್ಕಿಕೊಂಡಿತು. ನನ್ನ ಕೆಲಸದವರಿಗೆ ಇದು ಚೆನ್ನಾಗಿ ಗೊತ್ತಿರುವ ಕಿರಿಕಿರಿ. ಹೆಬ್ಬೆರಳ ತುದಿಯಷ್ಟು ಚಿಕ್ಕ ಪ್ಲಾಸ್ಟಿಕ್ ಚೌಕ, ಒಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಬಲ್ಬ್. ಒಂದು ಸಲ ಓರೆಯಾಗಿ ಕೂತರೆ ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ. ಬೆರಳಿಗೆ ಹಿಡಿತ ಸಿಗುವುದಿಲ್ಲ. ಹ್ಯಾಂಗರ್‌ನಲ್ಲಿ ಹಗಲು ಬೆಳಕಲ್ಲಿ, ಇಕ್ಕಳ ಟಾರ್ಚ್ ಎಲ್ಲ ಇಟ್ಟುಕೊಂಡು, ಯಾವ ಅವಸರವೂ ಇಲ್ಲದೆ ಮಾಡುವಾಗಲೇ ನಾನು ಎಷ್ಟೋ ಸಲ ಬೆವರಿದ್ದೇನೆ. ಇನ್ನು ಇದೊಂದು ಸರಿಹೋಗಲಿ ಅಂತ ಹಟ ಹತ್ತಿದರೆ ಸುತ್ತ ಏನು ನಡೆಯುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಕ್ಯಾಪ್ಟನ್ ಸಲಹೆ ಕೊಡುತ್ತಿದ್ದರು, ಸ್ಟಾಕ್‌ಸ್ಟಿಲ್ ಕಿತ್ತು ತಿರುಗಿಸಿ ನೋಡುತ್ತಿದ್ದರು. ರೆಪೊ ಅವರನ್ನು ಕಾಕ್‌ಪಿಟ್ ಕೆಳಗಿನ ಇಕ್ಕಟ್ಟು ಜಾಗಕ್ಕೆ ಕಳಿಸಿದರು. ಅಲ್ಲಿಂದ ಒಂದು ಸಣ್ಣ ಕಿಂಡಿಯಲ್ಲಿ ನೋಡಿದರೆ ಚಕ್ರ ಲಾಕ್ ಆಗಿದೆಯೋ ಇಲ್ಲವೋ ಕಾಣುತ್ತದೆ. ಆದರೆ ಕತ್ತಲೆ, ಏನೂ ಕಾಣಲಿಲ್ಲ. ಮೇಂಟೆನೆನ್ಸ್ ತಜ್ಞರೂ ಕೆಳಗೆ ಹೋದರು.

ಈ ಮಧ್ಯೆ ಯಾವಾಗಲೋ ಆಟೋಪೈಲಟ್ ಎತ್ತರ ಹಿಡಿದುಕೊಳ್ಳುವುದನ್ನು ಬಿಟ್ಟಿತು. ಆ ವಿಮಾನದಲ್ಲಿ ಕಂಟ್ರೋಲ್ ಕಾಲಮ್, ಅಂದರೆ ಪೈಲಟ್ ಎದುರಿನ ಹಿಡಿಕೆಯ, ಮೇಲೆ ಸ್ವಲ್ಪ ಒತ್ತಡ ಬಿದ್ದರೂ ಸಾಕು, ಆಟೋಪೈಲಟ್ ಆನ್ ಆಗಿಯೇ ಇರುತ್ತದೆ, ಎತ್ತರ ಕಾಯುವ ಕೆಲಸವನ್ನು ಮಾತ್ರ ಬಿಡುತ್ತದೆ. ಕ್ಯಾಪ್ಟನ್ ಹಿಂದಕ್ಕೆ ತಿರುಗಿ ರೆಪೊ ಜೊತೆ ಮಾತಾಡುವಾಗ ಮೈ ತಾಗಿರಬಹುದು ಅನ್ನುವುದು ಒಂದು ಊಹೆ. ಟಿವಿಯಲ್ಲಿ ಇದನ್ನು ಕಣ್ಣಾರೆ ಕಂಡವರಂತೆ ತೋರಿಸುತ್ತಾರೆ. ಮೊಣಕೈ ತಗಲುವುದು, ಕ್ಯಾಮೆರಾ ಹತ್ತಿರ ಹೋಗುವುದು, ಒಂದು ಢಣ್ ಸದ್ದು. ತನಿಖೆಯವರು ಅದನ್ನು ಒಂದು ಸಾಧ್ಯತೆಯಾಗಿ ಮಾತ್ರ ಬರೆದಿದ್ದಾರೆ. ಇನ್ನೊಂದು ವಿಷಯವನ್ನು ಟಿವಿ ಹೇಳುವುದೇ ಇಲ್ಲ. ಆ ವಿಮಾನದ ಎರಡು ಕಡೆಯ ಕಂಪ್ಯೂಟರ್‌ಗಳಲ್ಲಿ ಚೂರು ವ್ಯತ್ಯಾಸ ಇತ್ತು, ಒಂದು 15 ಪೌಂಡ್ ಒತ್ತಡಕ್ಕೆ ಬಿಟ್ಟರೆ ಇನ್ನೊಂದು 20ಕ್ಕೆ. ಅಂದರೆ ಕ್ಯಾಪ್ಟನ್ ಎದುರಿನ ಸೂಚಕ ಆರಿಹೋಗಿದ್ದರೂ ಸ್ಟಾಕ್‌ಸ್ಟಿಲ್ ಎದುರಿನದು ಎಲ್ಲ ಸರಿ ಇದೆ ಅಂತ ತೋರಿಸುತ್ತಿದ್ದಿರಬಹುದು.

ವಿಮಾನ ಮೆಲ್ಲಗೆ ಇಳಿಯತೊಡಗಿತು. ಹೊಟ್ಟೆಯಲ್ಲಿ ಚಿಟ್ಟೆ ಹಾರುವಷ್ಟೂ ಅಲ್ಲ, ಲಿಫ್ಟ್‌ನಲ್ಲಿ ಇಳಿದಷ್ಟೂ ಅಲ್ಲ. ಹಿಂದೆ ಕೂತವರಿಗೆ ಏನೂ ತಿಳಿಯಲಿಲ್ಲ. 250 ಅಡಿ ಇಳಿದಾಗ ಒಂದು ಎಚ್ಚರಿಕೆ ಸದ್ದು ಬಂತು, ಅರ್ಧ ಸೆಕೆಂಡು, ರೆಪೊ ಕೂರುವ ಜಾಗದ ಹತ್ತಿರದ ಸ್ಪೀಕರ್‌ನಲ್ಲಿ. ಅದು ಕಾಕ್‌ಪಿಟ್ ರೆಕಾರ್ಡರ್‌ನಲ್ಲಿ ಕೇಳಿಸುತ್ತದೆ. ಯಾರೂ ಅದಕ್ಕೆ ಏನೂ ಅನ್ನಲಿಲ್ಲ. ಆಗ ನೆಲಕ್ಕೆ ಇನ್ನೂ ಒಂದೂವರೆ ನಿಮಿಷ ಇತ್ತು.

ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಮಯಾಮಿಯ ಕಂಟ್ರೋಲರ್ ತನ್ನ ರಾಡಾರ್ ಪರದೆಯಲ್ಲಿ 900 ಅಡಿ ಅಂತ ನೋಡಿದರು. ಟಿವಿಯಲ್ಲಿ ಇಲ್ಲಿ ಕಂಟ್ರೋಲರ್ ಮೈಕ್ ಹಿಡಿದು ಕಿರುಚುತ್ತಾರೆ, ಪಕ್ಕದವರು ಓಡಿ ಬರುತ್ತಾರೆ. ನಿಜವಾಗಿ ಅವರು ಕೇಳಿದ್ದು ಇಷ್ಟೇ: ಅಲ್ಲಿ ಹೇಗೆ ನಡೀತಾ ಇದೆ? ಆಗಿನ ರಾಡಾರ್‌ನಲ್ಲಿ ಒಂದೊಂದು ಸಲ ತಪ್ಪು ಎತ್ತರ ಬಂದು ಹೋಗುವುದು ಮಾಮೂಲಿ ಆಗಿತ್ತು. ಕಾಕ್‌ಪಿಟ್‌ನಿಂದಲೂ ಸಮಾಧಾನದ ಉತ್ತರವೇ ಬಂತು, ತಿರುಗಿಕೊಂಡು ವಾಪಸ್ ಬರ್ತೇವೆ ಅಂತ. ಕಂಟ್ರೋಲರ್ ಒಪ್ಪಿದರು. ಆಮೇಲೆ ಸ್ಟಾಕ್‌ಸ್ಟಿಲ್, ಎತ್ತರಕ್ಕೆ ಏನೋ ಮಾಡಿಬಿಟ್ಟಿದ್ದೇವೆ ಅಂದರು. ಏನು ಅಂತ ಕ್ಯಾಪ್ಟನ್ ಕೇಳಿದರು. ನಾವಿನ್ನೂ 2,000ದಲ್ಲೇ ಇದ್ದೇವೆ ಅಲ್ವಾ ಅನ್ನುವ ಪ್ರಶ್ನೆ. ಏಯ್, ಇಲ್ಲಿ ಏನಾಗ್ತಿದೆ ಅನ್ನುವ ಉತ್ತರ. ಆ ಮೊದಲ ಮಾತಿನಿಂದ ನೆಲಕ್ಕೆ ತಾಗುವವರೆಗೆ ಏಳು ಸೆಕೆಂಡು. ಗಂಟೆ 11:42.

ಮೇಡೇ, ಅಂದರೆ ಅಪಾಯದಲ್ಲಿದ್ದೇವೆ ಅನ್ನುವ ರೇಡಿಯೋ ಕೂಗು, ಇಲ್ಲ. ಕ್ಯಾಬಿನ್‌ನಲ್ಲಿ ಮೊದಲೇ ಕಿರುಚಾಟ ಇಲ್ಲ. ಮೇಲಿಂದ ಜೋತುಬೀಳುವ ಆಕ್ಸಿಜನ್ ಮಾಸ್ಕ್ ಇಲ್ಲ. ಮೂಗು ಕೆಳಗಾಗಿ ಕಲ್ಲಿನ ಹಾಗೆ ಬೀಳುವ ವಿಮಾನ ಇಲ್ಲ. ಟಿವಿಗೆ ಇದು ಯಾವುದೂ ಸಾಕಾಗುವುದಿಲ್ಲ ಅಂತ ಅವರೇ ಇವನ್ನೆಲ್ಲ ಸೇರಿಸುತ್ತಾರೆ. ನನಗೆ ಇದರ ಬಗ್ಗೆ ಇರುವ ಸಿಟ್ಟು ಚಿಕ್ಕದಲ್ಲ. ಯಾಕೆಂದರೆ ಗದ್ದಲ ಸೇರಿಸಿದ ಕೂಡಲೇ ಅಪಘಾತದ ಕಾರಣವೇ ಅಳಿಸಿಹೋಗುತ್ತದೆ. ಅಲ್ಲಿ ಗದ್ದಲ ಇದ್ದಿದ್ದರೆ ಅವರು ಬದುಕುತ್ತಿದ್ದರು! ಯಾರಾದರೂ ಒಬ್ಬರು ತಲೆ ಎತ್ತಿ ಎತ್ತರದ ಮೀಟರ್ ನೋಡುತ್ತಿದ್ದರು. ಎಲ್ಲ ಸರಿ ಇದೆ ಅನ್ನಿಸುವಷ್ಟು ಶಾಂತವಾಗಿದ್ದದ್ದೇ ಅಲ್ಲಿನ ಅಪಾಯ.

ಒಂದು ಸಣ್ಣ ಬಲ್ಬ್ ಅಷ್ಟು ದೊಡ್ಡ ವಿಮಾನವನ್ನು ಬೀಳಿಸಿತು ಅನ್ನುವ ಸಾಲು ನಿಮ್ಮ ಕಾರ್ಯಕ್ರಮದಲ್ಲೂ ಬಂದಿರಬೇಕು. ಕೇಳಲು ಚೆನ್ನಾಗಿದೆ. ಆದರೆ ಬಲ್ಬ್ ಏನನ್ನೂ ಬೀಳಿಸಲಿಲ್ಲ. ಬಲ್ಬ್ ಸುಟ್ಟಿತ್ತು ಅಷ್ಟೆ, ಚಕ್ರ ಸರಿಯಾಗಿಯೇ ಇಳಿದು ಲಾಕ್ ಆಗಿತ್ತು. ಒಂದು ವೇಳೆ ನೋಸ್ ಗೇರ್ ಇಳಿಯದೇ ಇದ್ದಿದ್ದರೂ ಮೂಗು ಉಜ್ಜಿಕೊಂಡು ರನ್‌ವೇ ಮೇಲೆ ಇಳಿಯಬಹುದಿತ್ತು, ಅದಕ್ಕೆ ವಿಧಾನ ಇದೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1973ರ ಜೂನ್‌ನಲ್ಲಿ ಕೊಟ್ಟ ವರದಿ ಕಾರಣವನ್ನು ಬಿಡಿಸಿ ಹೇಳುತ್ತದೆ. ಕೊನೆಯ ನಾಲ್ಕು ನಿಮಿಷ ಯಾರೂ ಉಪಕರಣಗಳನ್ನು ಗಮನಿಸಲಿಲ್ಲ, ವಿಮಾನ ಇಳಿಯುತ್ತಿರುವುದು ಸಮಯಕ್ಕೆ ತಿಳಿಯಲಿಲ್ಲ, ಗಮನವೆಲ್ಲ ನೋಸ್ ಗೇರ್ ಸೂಚಕದ ಮೇಲಿತ್ತು. ಕ್ಯಾಪ್ಟನ್‌ಗೆ ಮೆದುಳಿನಲ್ಲಿ ಗಡ್ಡೆ ಇದ್ದದ್ದು ಶವಪರೀಕ್ಷೆಯಲ್ಲಿ ಗೊತ್ತಾಯಿತು. ಇದನ್ನೂ ಕೆಲವರು ದೊಡ್ಡದು ಮಾಡಿ ಹೇಳುತ್ತಾರೆ. ಆದರೆ ತನಿಖೆಯವರು ಅದನ್ನು ಪರಿಶೀಲಿಸಿ, ಅಪಘಾತಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಬದಿಗಿಟ್ಟರು.

ಇನ್ನೊಂದು ಅನ್ಯಾಯ ಇದೆ. ವಿಮಾನ ನೆಲಕ್ಕೆ ತಾಗಿದ ಕೂಡಲೇ ಟಿವಿಯಲ್ಲಿ ಬೆಂಕಿಯ ದೊಡ್ಡ ಉಂಡೆ ಎದ್ದು ಎಲ್ಲ ಮುಗಿದುಹೋಗುತ್ತದೆ. ಆಮೇಲೆ ನೇರ ದೆವ್ವದ ಕಥೆಗೆ ಜಿಗಿಯುತ್ತಾರೆ. ಆದರೆ ಆ ರಾತ್ರಿ 75 ಜನ ಬದುಕಿ ಉಳಿದರು! ಸತ್ತವರು 101. ಗಂಟೆಗೆ 227 ಮೈಲಿ ವೇಗದಲ್ಲಿ ಎಡ ರೆಕ್ಕೆ ಮೊದಲು ತಾಗಿ ವಿಮಾನ ಚೂರುಚೂರಾಯಿತು. ಹಾಗಿದ್ದೂ ಇಷ್ಟು ಜನ ಉಳಿಯಲು ಕೆಳಗಿನ ನೀರು ಮತ್ತು ಮೆತ್ತನೆಯ ಕೆಸರೂ ಒಂದು ಕಾರಣ. ಇಂಧನ ಹೊತ್ತಿ ಬೆಂಕಿ ಒಂದು ಸಲ ಭಗ್ಗನೆ ಹಾದುಹೋಯಿತು, ಸುಟ್ಟ ಗಾಯ ಆದವರಿದ್ದರು. ಅದೇ ಕೆಸರು ಕೆಲವರ ಗಾಯಗಳಿಗೆ ಮೆತ್ತಿಕೊಂಡು ರಕ್ತ ಹರಿಯುವುದನ್ನು ತಡೆಯಿತು, ಆಮೇಲೆ ಅದರಿಂದಲೇ ಕೆಲವರಿಗೆ ಕೆಟ್ಟ ಸೋಂಕೂ ಆಯಿತು.

ಅಲ್ಲಿ ಹತ್ತಿರದಲ್ಲಿ ಒಬ್ಬರು ರಾತ್ರಿ ಕಪ್ಪೆ ಹಿಡಿಯಲು ಏರ್‌ಬೋಟ್‌ನಲ್ಲಿ ಬಂದಿದ್ದರು. ಹಿಂಬದಿಯಲ್ಲಿ ದೊಡ್ಡ ಫ್ಯಾನ್ ಇರುವ ಚಪ್ಪಟೆ ದೋಣಿ ಅದು, ಹುಲ್ಲಿನ ಮೇಲೆಯೇ ಜಾರಿಕೊಂಡು ಹೋಗುತ್ತದೆ. ಬೆಳಕು ಮಿಂಚಿದ್ದನ್ನು ನೋಡಿ ಅವರು ದೋಣಿ ತಿರುಗಿಸಿದರು. ಮೊದಲು ಅಲ್ಲಿಗೆ ಮುಟ್ಟಿದ್ದು ಅವರೇ. ನೀರಿನಲ್ಲಿ ಇಳಿದು, ಮುಖ ಮುಳುಗುತ್ತಿದ್ದವರನ್ನು ಎತ್ತಿದರು. ಇಂಧನ ಕಲೆತ ಆ ನೀರಿನಲ್ಲಿ ಅವರಿಗೂ ಸುಟ್ಟ ಗಾಯಗಳಾದವು. ತಲೆಗೆ ಕಟ್ಟಿಕೊಂಡಿದ್ದ ದೀಪದಿಂದಲೇ ಹೆಲಿಕಾಪ್ಟರ್‌ಗೆ ದಾರಿ ತೋರಿಸಿದರು.

ಗಗನಸಖಿಯರಲ್ಲಿ ಎಂಟು ಮಂದಿ ಉಳಿದರು. ಅವರಲ್ಲಿ ಒಬ್ಬಾಕೆ ಸುತ್ತ ಇದ್ದವರನ್ನು ಒಟ್ಟುಗೂಡಿಸಿ, ಯಾರೂ ಬೆಂಕಿಕಡ್ಡಿ ಗೀರಬೇಡಿ, ಸುತ್ತ ಇಂಧನ ಇದೆ ಅಂತ ಎಚ್ಚರಿಸಿದರು. ಕತ್ತಲಲ್ಲಿ, ಚಳಿಯಲ್ಲಿ, ಎಲ್ಲಿದ್ದೇವೆ ಅಂತಲೂ ಗೊತ್ತಿಲ್ಲದೆ ಕೂತವರಿಗೆ ಧೈರ್ಯ ಬರಲಿ, ಹುಡುಕುವವರಿಗೆ ದನಿ ಕೇಳಲಿ ಅಂತ ಕ್ರಿಸ್‌ಮಸ್ ಹಾಡುಗಳನ್ನು ಹಾಡಿಸಿದರು. ಜೌಗಿನ ನಡುವೆ, ಮುರಿದ ವಿಮಾನದ ಪಕ್ಕ, ಗಾಯಗೊಂಡವರು ಹಾಡುತ್ತಿರುವ ದೃಶ್ಯ. ಇದಕ್ಕಿಂತ ದೊಡ್ಡದು ಇನ್ನೇನು ಬೇಕು ಟಿವಿಗೆ? ಇದನ್ನು ಬಿಟ್ಟು ದೆವ್ವ ತೋರಿಸುತ್ತಾರಲ್ಲ ಅಂತ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಈಗ ದೆವ್ವಕ್ಕೆ ಬರೋಣ.

ಕ್ಯಾಪ್ಟನ್ ಲಾಫ್ಟ್ ವಿಮಾನದ ಅವಶೇಷದಲ್ಲೇ ತೀರಿಕೊಂಡರು, ರೆಪೊ ಆಸ್ಪತ್ರೆಯಲ್ಲಿ. ಇವರಿಬ್ಬರೂ ಈಸ್ಟರ್ನ್‌ನ ಬೇರೆ ಟ್ರೈಸ್ಟಾರ್‌ಗಳಲ್ಲಿ, ಅದರಲ್ಲೂ 318 ಅನ್ನುವ ನಂಬರಿನ ವಿಮಾನದಲ್ಲಿ, ಕಾಣಿಸಿಕೊಂಡರು ಅನ್ನುವುದು ಕಥೆ. ಅಡುಗೆ ಕೋಣೆಯ ಓವನ್ ಗಾಜಿನಲ್ಲಿ ರೆಪೊ ಮುಖ ಕಂಡಿತಂತೆ. ಈ ವಿಮಾನದಲ್ಲಿ ಬೆಂಕಿ ಬಗ್ಗೆ ಹುಷಾರು ಅಂದರಂತೆ. ಹಾರಾಟಕ್ಕೆ ಮುಂಚಿನ ತಪಾಸಣೆಗೆ ಬಂದ ಎಂಜಿನಿಯರ್‌ಗೆ, ನಾನಾಗಲೇ ನೋಡಿಯಾಯಿತು ಅಂದರಂತೆ. ಇದೆಲ್ಲ ಜನರ ಬಾಯಿಂದ ಬಾಯಿಗೆ ಹೋಗುತ್ತಿದ್ದದ್ದು 1976ರಲ್ಲಿ ಜಾನ್ ಫುಲ್ಲರ್ ಬರೆದ ಪುಸ್ತಕದಿಂದ ಮನೆಮನೆಗೂ ಮುಟ್ಟಿತು. ಅದಕ್ಕೂ ಹತ್ತು ವರ್ಷ ಮುಂಚೆ ಇದೇ ಫುಲ್ಲರ್, ಹಾರುವ ತಟ್ಟೆಯವರು ಗಂಡ ಹೆಂಡತಿಯನ್ನು ಎತ್ತಿಕೊಂಡು ಹೋದರು ಅನ್ನುವ ಬಗ್ಗೆ ಪುಸ್ತಕ ಬರೆದಿದ್ದರು. 1978ರಲ್ಲಿ ದೆವ್ವದ ಪುಸ್ತಕ ಟಿವಿ ಸಿನಿಮಾ ಆಯಿತು, ಅದರಲ್ಲಿ ಪಾತ್ರಗಳ ಹೆಸರು ಬದಲಿಸಿದ್ದರು. ಅದೇ ವರ್ಷ ಅಪಘಾತದ ಬಗ್ಗೆಯೇ ಇನ್ನೊಂದು ಟಿವಿ ಸಿನಿಮಾ ಬಂತು. ಜನ ನೆನಪಿಟ್ಟುಕೊಂಡದ್ದು ದೆವ್ವವನ್ನು.

ಈ ಕಥೆಗಳಲ್ಲಿ ಒಂದನ್ನು ಮಾತ್ರ ಪರೀಕ್ಷೆ ಮಾಡಿ ನೋಡಬಹುದು. ರೆಪೊ ಒಬ್ಬ ಕ್ಯಾಪ್ಟನ್‌ಗೆ ಕಾಣಿಸಿಕೊಂಡು, ಇನ್ನು ಮೇಲೆ ಎಲ್-1011 ಒಂದೂ ಬೀಳುವುದಿಲ್ಲ, ನಾವು ಬಿಡುವುದಿಲ್ಲ ಅಂದರಂತೆ. ಟಿವಿಯವರಿಗೆ ಬಹಳ ಇಷ್ಟವಾದ ಸಾಲು ಇದು. ಆದರೆ 1980ರ ಆಗಸ್ಟ್ 19ರಂದು ರಿಯಾದ್‌ನಲ್ಲಿ ಸೌದಿಯಾ ಕಂಪನಿಯ ಎಲ್-1011 ಬೆಂಕಿ ಹೊತ್ತಿಕೊಂಡು ವಾಪಸ್ ಬಂದು ಇಳಿಯಿತು. ಇಳಿದ ಮೇಲೂ ಬಾಗಿಲು ತೆರೆಯದೆ ಒಳಗಿದ್ದ 301 ಜನರೂ ಸತ್ತರು. 1985ರ ಆಗಸ್ಟ್ 2ರಂದು ಡೆಲ್ಟಾ ಕಂಪನಿಯ ಎಲ್-1011 ಗುಡುಗು ಮಳೆಯ ಕೆಳಗಾಳಿಗೆ ಸಿಕ್ಕಿ ಡಲ್ಲಾಸ್‌ನಲ್ಲಿ ಬಿತ್ತು, ಸತ್ತವರು 137. ಕಾಯುತ್ತೇವೆ ಅಂದವರು ಎಲ್ಲಿ ಹೋದರು? ಈ ಪ್ರಶ್ನೆಯನ್ನು ಯಾವ ಕಾರ್ಯಕ್ರಮವೂ ಕೇಳಿದ್ದನ್ನು ನಾನು ನೋಡಿಲ್ಲ.

ಹಾಗಾದರೆ ಗಗನಸಖಿಯರು ಸುಳ್ಳು ಹೇಳಿದರಾ ಅಂತ ನೀವು ಕೇಳಬಹುದು. ನಾನು ಹಾಗೆ ಹೇಳುವುದಿಲ್ಲ. ಆ ವಿಮಾನದ ಅಡುಗೆ ಕೋಣೆ ಎಲ್ಲಿತ್ತು ಅಂತ ತಿಳಿದರೆ ನಿಮಗೂ ಅರ್ಥವಾಗುತ್ತದೆ. ಅದು ಪ್ರಯಾಣಿಕರ ಕಾಲ ಕೆಳಗಿನ ಮಾಳಿಗೆಯಲ್ಲಿತ್ತು. ಒಬ್ಬರೋ ಇಬ್ಬರೋ ನಿಲ್ಲುವಷ್ಟು ಚಿಕ್ಕ ಲಿಫ್ಟ್‌ನಲ್ಲಿ ಕೆಳಗೆ ಇಳಿಯಬೇಕು. ಕಿಟಕಿ ಇಲ್ಲದ ಜಾಗ, ಸುತ್ತ ಗುಂಯ್ ಅನ್ನುವ ಸದ್ದು, ಸಾಲಾಗಿ ಓವನ್‌ಗಳು. ರಾತ್ರಿ ಹಾರಾಟದಲ್ಲಿ ಒಬ್ಬಳೇ ಅಲ್ಲಿ ನಿಂತು ಊಟ ಬಿಸಿ ಮಾಡುತ್ತಿರುವಾಗ, ಕೆಲವೇ ತಿಂಗಳ ಹಿಂದೆ ಸತ್ತ ಸಹೋದ್ಯೋಗಿಗಳ ನೆನಪು ಬಂದರೆ, ಓವನ್ ಗಾಜಿನಲ್ಲಿ ಮಸುಕಾಗಿ ಒಂದು ಮುಖ ಕಂಡರೆ ಮೈ ಜುಂ ಅನ್ನದೇ ಇರುತ್ತದಾ? ಅಲ್ಲಿ ಕಂಡದ್ದು ತನ್ನದೇ ಮುಖ ಇರಬಹುದು. ಆದರೆ ದುಃಖ ನಿಜ. ಒಂದೇ ಕಂಪನಿಯಲ್ಲಿ ಕೆಲಸ ಮಾಡಿದವರು, ಒಂದೇ ನಮೂನೆಯ ವಿಮಾನ, ಒಂದೇ ನಮೂನೆಯ ಕೋಣೆ. ನಮ್ಮೂರಲ್ಲೂ ಅಪಘಾತ ಆದ ಘಾಟಿ ತಿರುವಿನಲ್ಲಿ ಇಂಥ ಕಥೆ ಹುಟ್ಟುತ್ತದೆ ಅಲ್ವಾ?

ಬೆಂಕಿ ಬಗ್ಗೆ ಹುಷಾರು ಅನ್ನುವ ಭವಿಷ್ಯವೂ ಅಷ್ಟೇ. ಟ್ರೈಸ್ಟಾರ್‌ನ ಎಂಜಿನ್, ರೋಲ್ಸ್‌ರಾಯ್ಸ್‌ನ ಆರ್‌ಬಿ211, ಆಗ ತೀರಾ ಹೊಸದು. ಅದನ್ನು ತಯಾರಿಸುವ ಖರ್ಚಿನಲ್ಲೇ ಕಂಪನಿ 1971ರಲ್ಲಿ ದಿವಾಳಿ ಎದ್ದಿತ್ತು. ಹೊಸ ಎಂಜಿನ್ ಅಂದ ಮೇಲೆ ತೊಂದರೆ ಬಂದೇ ಬರುತ್ತದೆ. ಮೊದಲು ತೊಂದರೆ ಬರುತ್ತದೆ, ಆಮೇಲೆ ಅದನ್ನು ಮುಂಚೆಯೇ ಯಾರೋ ಹೇಳಿದ್ದರು ಅನ್ನುವ ಕಥೆ ಬೆಳೆಯುತ್ತದೆ.

ಬಿಡಿಭಾಗಗಳ ವಿಷಯ ನನ್ನ ಕ್ಷೇತ್ರದ್ದು, ಅದನ್ನು ನಿಧಾನವಾಗಿ ಹೇಳುತ್ತೇನೆ. ಅಮೆರಿಕದ ವಿಮಾನಯಾನದ ಬಗ್ಗೆ ಬಹಳ ಬರೆದ ರಾಬರ್ಟ್ ಸರ್ಲಿಂಗ್, 1980ರಲ್ಲಿ ಈಸ್ಟರ್ನ್ ಕಂಪನಿಯ ಚರಿತ್ರೆ ಬರೆದಾಗ ಈ ಮಾತನ್ನೇ ಅಲ್ಲಗಳೆದರು. ಬಿದ್ದ ವಿಮಾನದ ಭಾಗಗಳನ್ನು ಬೇರೆ ವಿಮಾನಕ್ಕೆ ಹಾಕಿ ಆಮೇಲೆ ಹೆದರಿ ತೆಗೆದರು ಅನ್ನುವುದು ಸುಳ್ಳು ಅಂತ ಬರೆದರು. ವಿಚಿತ್ರ ಕಥೆಗಳ ಟಿವಿ ಸರಣಿಯಿಂದ ಹೆಸರಾದ ರಾಡ್ ಸರ್ಲಿಂಗ್ ಅವರ ಸ್ವಂತ ಅಣ್ಣ ಇವರು. ತಮ್ಮನಾದ ರಾಡ್ ಅಂಥ ಕಥೆಗಳನ್ನು ಕಥೆ ಅಂತಲೇ ಹೇಳಿದರು, ಅಣ್ಣ ನಿಜವನ್ನು ನಿಜ ಅಂತ ಹುಡುಕಿದರು.

ಸರ್ಲಿಂಗ್ ಮಾತನ್ನು ಬದಿಗಿಟ್ಟರೂ ಅಮ್ಮನಿಗೆ ಇದು ಗೊತ್ತಿರಲಿ. ಒಂದು ವಿಮಾನದಿಂದ ಬಿಚ್ಚಿದ ಭಾಗವನ್ನು ಇನ್ನೊಂದಕ್ಕೆ ಹಾಕುವುದು ವಿಮಾನದ ಕೆಲಸದಲ್ಲಿ ದಿನನಿತ್ಯದ ಮಾತು. ಪ್ರತಿ ಮುಖ್ಯ ಭಾಗಕ್ಕೂ ಒಂದು ಸೀರಿಯಲ್ ನಂಬರ್, ಜೊತೆಗೆ ಕಾಗದ ಪತ್ರ. ಎಲ್ಲಿ ಹುಟ್ಟಿತು, ಎಷ್ಟು ಗಂಟೆ ಹಾರಿತು, ಯಾರು ಬಿಚ್ಚಿದರು, ಯಾವ ಶಾಪ್‌ನಲ್ಲಿ ಪರೀಕ್ಷೆ ಆಯಿತು, ಯಾರು ಸಹಿ ಹಾಕಿದರು. ಟ್ಯಾಗ್ ಇಲ್ಲದ ಭಾಗವನ್ನು ನಾನು ಕೈಯಲ್ಲಿ ಹಿಡಿದು ನೋಡುತ್ತೇನೆ, ವಿಮಾನಕ್ಕೆ ಹಾಕುವುದಿಲ್ಲ. ಒಂದು ಸಲ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದ ಒಂದು ವಾಲ್ವ್ ತಂದು ಕೊಟ್ಟಿದ್ದೆ, ಟ್ಯಾಗ್ ಎಲ್ಲೋ ಬಿದ್ದುಹೋಗಿತ್ತು. ನಮ್ಮ ಹಿರಿಯರು ಅದನ್ನು ಮುಟ್ಟಲೂ ಇಲ್ಲ. ಕಾಗದ ಇಲ್ಲ ಅಂದರೆ ಅದು ಕಬ್ಬಿಣ ಕಣೋ, ಪಾರ್ಟ್ ಅಲ್ಲ ಅಂದರು. ಆ ರಾತ್ರಿ ನಾವು ಟ್ಯಾಗ್ ಹುಡುಕಲು ಸ್ಟೋರ್ ಎಲ್ಲ ಗುಡಿಸಿದೆವು. ಸಿಗಲಿಲ್ಲ. ವಾಲ್ವ್ ಮತ್ತೆ ಪರೀಕ್ಷೆಗೆ ಶಾಪ್‌ಗೇ ಹೋಯಿತು.

ದೆವ್ವ ಕಂಡದ್ದನ್ನು ಲಾಗ್ ಬುಕ್‌ನಲ್ಲಿ ಬರೆದಿದ್ದರು, ಕಂಪನಿಯವರು ಆ ಹಾಳೆ ಹರಿದುಹಾಕಿದರು ಅಂತಲೂ ಹೇಳುತ್ತಾರೆ. ಲಾಗ್ ಬುಕ್‌ನ ಹಾಳೆಗಳಿಗೆ ಅನುಕ್ರಮವಾಗಿ ನಂಬರ್ ಇರುತ್ತದೆ, ಒಂದರ ಕೆಳಗೆ ಇನ್ನೊಂದು ಪ್ರತಿ ಇರುತ್ತದೆ, ಒಂದು ಕಾಣೆಯಾದರೂ ಮೇಂಟೆನೆನ್ಸ್‌ನವರೇ ಮೊದಲು ಕೂಗಾಡುತ್ತಾರೆ. ಸುಮ್ನೆ ಹರಿದು ಬಿಸಾಡುವ ಪುಸ್ತಕ ಅಲ್ಲ ಅದು.

ಈಸ್ಟರ್ನ್ ಕಂಪನಿಯ ಮುಖ್ಯಸ್ಥರಾಗಿದ್ದವರು ಫ್ರಾಂಕ್ ಬೋರ್ಮನ್, ಅಪೋಲೋ 8ರಲ್ಲಿ ಚಂದ್ರನ ಸುತ್ತ ಹೋಗಿ ಬಂದ ಗಗನಯಾತ್ರಿ. ಅಪಘಾತದ ರಾತ್ರಿ, ಆಗಿನ್ನೂ ಉಪಾಧ್ಯಕ್ಷರಾಗಿದ್ದರು, ತಾವೇ ಜೌಗಿಗೆ ಇಳಿದು ರಕ್ಷಣೆಗೆ ಕೈ ಹಾಕಿದ್ದರು. ದೆವ್ವದ ಕಥೆಯನ್ನು ಅವರು ಕಸ ಅಂತ ತಳ್ಳಿಹಾಕಿದರು. ಪುಸ್ತಕದ ಮೇಲೆ ಕೇಸ್ ಹಾಕುವ ಯೋಚನೆಯೂ ಇತ್ತು, ಅದರಿಂದ ಪುಸ್ತಕಕ್ಕೇ ಪ್ರಚಾರ ಅಂತ ಬಿಟ್ಟರು. ಆದರೆ ಕ್ಯಾಪ್ಟನ್ ಲಾಫ್ಟ್ ಅವರ ಹೆಂಡತಿ ಮಕ್ಕಳು ಬಿಡಲಿಲ್ಲ, ಕೋರ್ಟಿಗೆ ಹೋದರು. ಕೇಸ್ ವಜಾ ಆಯಿತು, 1981ರಲ್ಲಿ ಫ್ಲಾರಿಡಾದ ಮೇಲ್ಮನವಿ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಯೋಚನೆ ಮಾಡಿ ನೋಡಿ. ಮನೆಯ ಯಜಮಾನ ತೀರಿಕೊಂಡಿದ್ದಾರೆ, ತಪ್ಪು ಅವರದ್ದೇ ಅಂತ ವರದಿ ಬಂದಿದೆ, ಅದರ ಮೇಲೆ ಅವರು ದೆವ್ವವಾಗಿ ವಿಮಾನದಲ್ಲಿ ಕೂತಿದ್ದಾರೆ ಅಂತ ಊರೆಲ್ಲ ಓದುತ್ತಿದೆ, ಟಿವಿಯಲ್ಲಿ ನೋಡುತ್ತಿದೆ. ಮಕ್ಕಳಿಗೆ ಹೇಗಾಗಿರಬೇಕು? ದೆವ್ವದ ಕಥೆಯಿಂದ ಯಾರಿಗೇನು ನಷ್ಟ ಅಂತ ಕೇಳುವವರಿಗೆ ನಾನು ಈ ಮನೆಯನ್ನು ತೋರಿಸುತ್ತೇನೆ.

ಇನ್ನು ಆ ನಾಲ್ಕು ನಿಮಿಷದಿಂದ ಏನಾಯಿತು ಅನ್ನುವುದು. ಟಿವಿ ಇದನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತದೆ, ನನಗೆ ಮಾತ್ರ ಇಡೀ ಕಥೆ ಇಲ್ಲೇ ಇದೆ. ನೆಲ ಹತ್ತಿರ ಬಂದರೆ ಕಾಕ್‌ಪಿಟ್‌ನಲ್ಲಿ ಕೂಗಿ ಎಚ್ಚರಿಸುವ ಉಪಕರಣ ಅಮೆರಿಕದ ದೊಡ್ಡ ವಿಮಾನಗಳಿಗೆಲ್ಲ 1970ರ ದಶಕದ ಮಧ್ಯದಲ್ಲಿ ಕಡ್ಡಾಯವಾಯಿತು, ಅದಕ್ಕೆ ಬೇರೆ ಅಪಘಾತಗಳೂ ಕಾರಣ. ವಿಮಾನ ತೀರಾ ಕೆಳಗಿಳಿದರೆ ಕಂಟ್ರೋಲರ್ ಪರದೆಯಲ್ಲೇ ಎಚ್ಚರಿಕೆ ಬರುವ ವ್ಯವಸ್ಥೆಯೂ ಬಂತು. ಆದರೂ ಮನುಷ್ಯರ ಸಮಸ್ಯೆ ಉಳಿದಿತ್ತು. 1978ರ ಡಿಸೆಂಬರ್ 28ರಂದು, ಅಂದರೆ ಆರು ವರ್ಷಕ್ಕೆ ಒಂದೇ ದಿನ ಕಡಿಮೆ, ಪೋರ್ಟ್‌ಲ್ಯಾಂಡ್‌ನಲ್ಲಿ ಯುನೈಟೆಡ್ ಕಂಪನಿಯ ಫ್ಲೈಟ್ 173 ಬಿತ್ತು. ಅಲ್ಲೂ ಚಕ್ರದ ದೀಪದ್ದೇ ಅನುಮಾನ. ಅಲ್ಲೂ ಚಕ್ರ ಸರಿಯಾಗಿಯೇ ಇಳಿದಿತ್ತು. ಅದನ್ನೇ ನೋಡುತ್ತಾ ಸುತ್ತು ಹೊಡೆದು ಇಂಧನ ಖಾಲಿ ಮಾಡಿಕೊಂಡರು, ಹತ್ತು ಜನ ಸತ್ತರು. ಮರುವರ್ಷ ನಾಸಾದವರು ಕಂಪನಿಗಳನ್ನೆಲ್ಲ ಕರೆದು ಕೂರಿಸಿ, ಕಾಕ್‌ಪಿಟ್‌ನಲ್ಲಿರುವವರು ಒಬ್ಬರ ಜೊತೆ ಒಬ್ಬರು ಹೇಗೆ ಕೆಲಸ ಮಾಡಬೇಕು ಅಂತ ಚರ್ಚೆ ಮಾಡಿದರು. 1981ರಲ್ಲಿ ಅದೇ ಯುನೈಟೆಡ್ ಕಂಪನಿ ಅದಕ್ಕೆಂದೇ ತರಬೇತಿ ಶುರು ಮಾಡಿತು. ಸಿಆರ್‌ಎಂ ಅನ್ನುತ್ತಾರೆ ಅದಕ್ಕೆ. ಇವತ್ತು ಜಗತ್ತಿನ ವಿಮಾನ ಕಂಪನಿಗಳ ಪೈಲಟ್‌ಗಳು ಈ ತರಬೇತಿ ಮಾಡಲೇಬೇಕು.

ನಮ್ಮಲ್ಲೂ ಇದರ ನೆರಳು ಇದೆ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಪಕ್ಕದ ಗಾಲ್ಫ್ ಮೈದಾನದಲ್ಲಿ ಬಿತ್ತು, 146ರಲ್ಲಿ 92 ಜನ ಸತ್ತರು. ಅಲ್ಲೂ ಯಂತ್ರ ಒಂದು ಮೋಡ್‌ನಲ್ಲಿತ್ತು, ಮನುಷ್ಯರು ಇನ್ನೊಂದರಲ್ಲಿದೆ ಅಂದುಕೊಂಡಿದ್ದರು. ಎಂಜಿನ್‌ಗಳು ಐಡಲ್‌ನಲ್ಲೇ, ಅಂದರೆ ತೀರಾ ಕಡಿಮೆ ಶಕ್ತಿಯಲ್ಲೇ, ಇದ್ದವು, ವೇಗ ಬೀಳುತ್ತಿದ್ದದ್ದು ತಿಳಿದಾಗ ತಡವಾಗಿತ್ತು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಹೋದರು. ಇಳಿಯಬೇಡಿ, ಮತ್ತೆ ಮೇಲೇರಿ ಅಂತ ಕೋ ಪೈಲಟ್ ಮೂರು ಸಲ ಹೇಳಿದ್ದರು ಅಂತ ತನಿಖೆಯ ವರದಿಯಲ್ಲಿದೆ. ಹೇಳಿದ್ದನ್ನು ಕೇಳಿಸಿಕೊಳ್ಳುವುದೂ ಅದೇ ತರಬೇತಿಯ ಪಾಠ.

ಅಮ್ಮ ಹೊರಡುವ ದಿನ ಅವರ ಕಿವಿಯಲ್ಲಿ ಇದನ್ನು ಹೇಳಿ ಕಳಿಸಿ. ಇಳಿಯುವುದಕ್ಕೆ ಕೆಲವು ನಿಮಿಷ ಮುಂಚೆ ಕಾಲ ಕೆಳಗೆ ಗರ್ ಅಂತ ಒಂದು ಸದ್ದು, ಆಮೇಲೆ ಧಡ್ ಅಂತ ಇನ್ನೊಂದು ಬರುತ್ತದೆ. ಮೊದಲ ಸಲ ಹೋಗುವವರು ಹೆದರುವುದು ಇಲ್ಲೇ. ಅದು ಚಕ್ರ ಇಳಿದ ಸದ್ದು. ಆಗ ಮುಂದೆ ಪೈಲಟ್‌ಗಳು ಹಸಿರು ದೀಪಗಳು ಹತ್ತಿವೆಯಾ ಅಂತ ನೋಡುತ್ತಿರುತ್ತಾರೆ. ಒಂದು ದೀಪ ಹತ್ತಲಿಲ್ಲ ಅಂದುಕೊಳ್ಳೋಣ. ಆಗ ಒಬ್ಬರು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳುತ್ತಾರೆ, ವಿಮಾನ ನಾನು ಹಾರಿಸುತ್ತೇನೆ, ನೀವು ದೀಪ ನೋಡಿ.